ಕೊರೆಯುವ ಚಳಿಯಲ್ಲಿ ಡೀಸೆಲ್ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ? ಸ್ಪಿತಿ, ಲಡಾಖ್‌ಗೆ ಗಾಡಿಯಲ್ಲಿ ಹೊರಟವರಿಗೆ

ಜನವರಿ ತಿಂಗಳ ಒಂದು ಬೆಳಿಗ್ಗೆ, ಹಿಮಾಚಲದ ಸ್ಪಿತಿ ಕಣಿವೆಯ ಕಾಜಾದಲ್ಲಿ, ನಮ್ಮ ಡೀಸೆಲ್ ಗಾಡಿ ಮೊದಲ ಸೆಲ್ಫ್‌ಗೇ ಚಾಲೂ ಆಯಿತು. ರಾತ್ರಿಯಿಡೀ ಮೈನಸ್ 20 ಡಿಗ್ರಿಯ ಬಯಲಿನಲ್ಲಿ ನಿಂತಿದ್ದ ಗಾಡಿ ಇಷ್ಟು ಸಲೀಸಾಗಿ ಎದ್ದಿತಲ್ಲ ಎಂದು ಸಮಾಧಾನಪಟ್ಟುಕೊಂಡು ಸಾಮಾನು ತುಂಬುತ್ತಿರುವಾಗಲೇ ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಮಿಸುಕಲಿಲ್ಲ. ಊರಿನ ಮೆಕ್ಯಾನಿಕ್ ಬಂದು ಡೀಸೆಲ್ ಫಿಲ್ಟರನ್ನು ಬಿಚ್ಚಿ ಅದರಲ್ಲಿದ್ದದ್ದನ್ನು ಒಂದು ಸ್ಟೀಲ್ ತಟ್ಟೆಗೆ ಬಗ್ಗಿಸಿದಾಗ ಮೊದಲು ಏನೂ ಬೀಳಲಿಲ್ಲ. ತಳಕ್ಕೆ ಎರಡು ಸಲ ತಟ್ಟಿದ ಮೇಲೆ, ಮಸುಕು ಹಳದಿ ಬಣ್ಣದ ಮುದ್ದೆಯೊಂದು ಹೆರೆತ ತುಪ್ಪದಂತೆ ಜಾರಿ ಬಿದ್ದು, ತಟ್ಟೆಯನ್ನು ಓರೆ ಮಾಡಿದರೂ ಹರಿಯದೆ ಅಲ್ಲಿಯೇ ಕುಳಿತಿತು. ಬೆರಳಿನಿಂದ ಉಜ್ಜಿದರೆ ಮೇಣದ ಜಿಗುಟು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಆ ದಿನ ನಾವು ಮಾಡಿದ ತಪ್ಪು ಬೆಳಗಿನದ್ದಾಗಿರಲಿಲ್ಲ, ಅದಕ್ಕೂ ಎರಡು ದಿನ ಮೊದಲಿನದ್ದಾಗಿತ್ತು. ಡೀಸೆಲ್ ಹೆಪ್ಪುಗಟ್ಟುವುದನ್ನು ತಡೆಯುವ ಕೆಲಸವೆಲ್ಲ ಡೀಸೆಲ್ ಇನ್ನೂ ಬೆಚ್ಚಗಿರುವಾಗಲೇ ಮುಗಿಯಬೇಕು. ಒಮ್ಮೆ ಹೆಪ್ಪುಗಟ್ಟಿದ ಮೇಲೆ ಮಾಡುವುದಕ್ಕೆ ಉಳಿಯುವುದು ಬಿಸಿಲಿಗಾಗಿ ಕಾಯುವುದು, ಬಿಸಿನೀರಿನ ಬಟ್ಟೆ ಸುತ್ತುವುದು, ಇಷ್ಟೆ. ಕರ್ನಾಟಕದಿಂದ ಸ್ವಂತ ಗಾಡಿಯಲ್ಲಿ ಚಳಿಗಾಲದ ಸ್ಪಿತಿಗೋ ಲಡಾಖ್‌ಗೋ ಹೊರಡುವವರು ಈಗ ಕಡಿಮೆಯಿಲ್ಲ. ನಮ್ಮ ಊರುಗಳಲ್ಲಿ ಈ ತೊಂದರೆ ಎಂದೂ ಎದುರಾಗದಿರುವುದರಿಂದ, ಟೈರು, ಬ್ರೇಕು, ಉಣ್ಣೆ ಬಟ್ಟೆಗಳ ಬಗ್ಗೆ ವಹಿಸುವ ಎಚ್ಚರವನ್ನು ನಾವು ಟ್ಯಾಂಕಿನೊಳಗಿನ ಡೀಸೆಲ್‌ನ ಬಗ್ಗೆ ವಹಿಸುವುದಿಲ್ಲ.

ಡೀಸೆಲ್ ಏಕೆ ಹೆಪ್ಪುಗಟ್ಟುತ್ತದೆ

ಡಿಸೆಂಬರ್ ಬಂದರೆ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಡೀಸೆಲ್‌ನಲ್ಲಿ ನಡೆಯುವುದೂ ಅದೇ ಜಾತಿಯ ಬದಲಾವಣೆ, ಆದರೆ ಇಲ್ಲಿ ಗಟ್ಟಿಯಾಗುವುದು ಇಡೀ ಡೀಸೆಲ್ ಅಲ್ಲ. ಡೀಸೆಲ್ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣವಾಗಿದ್ದು, ಅದರಲ್ಲಿ ಉದ್ದನೆಯ ನೇರ ಸರಪಳಿಯ ಪ್ಯಾರಾಫಿನ್‌ಗಳು, ಅಂದರೆ ನಾವು ಮೇಣ ಎನ್ನುವ ಪದಾರ್ಥಗಳು, ಕರಗಿದ ಸ್ಥಿತಿಯಲ್ಲಿರುತ್ತವೆ. ಈ ಮೇಣ ಕಲಬೆರಕೆಯಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಚೆನ್ನಾಗಿ ಹೊತ್ತಿಕೊಳ್ಳುವ ಗುಣ ಬರುವುದೇ ಬಹುಮಟ್ಟಿಗೆ ಈ ಅಂಶಗಳಿಂದ. ಚಳಿ ಹೆಚ್ಚಾದಂತೆ ಇವು ಕರಗಿರಲಾರದೆ ತೆಳ್ಳನೆಯ ಹಾಳೆಯಂತಹ ಹರಳುಗಳಾಗಿ ಬೇರ್ಪಡುತ್ತವೆ, ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ಆ ಬಲೆಯೊಳಗೆ ಇನ್ನೂ ದ್ರವವಾಗಿಯೇ ಇರುವ ಉಳಿದ ಡೀಸೆಲ್ ಸಿಕ್ಕಿಕೊಂಡು ಹರಿಯದಂತಾಗುತ್ತದೆ. ನೂರಕ್ಕೆ ಕೆಲವೇ ಪಾಲು ಮೇಣ ಹರಳಾದರೂ ಇಷ್ಟು ಅನಾಹುತಕ್ಕೆ ಸಾಕು.

ಇದು ಮೂರು ಹಂತಗಳಲ್ಲಿ ನಡೆಯುತ್ತದೆ, ಮತ್ತು ಮೂರಕ್ಕೂ ಬೇರೆ ಬೇರೆ ಹೆಸರಿದೆ. ತಿಳಿಯಾಗಿದ್ದ ಡೀಸೆಲ್‌ನಲ್ಲಿ ಮೊದಲ ಹರಳುಗಳು ಕಾಣಿಸಿಕೊಂಡು ಅದು ಮಬ್ಬಾಗುವ ಉಷ್ಣತೆಯನ್ನು ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಅದಕ್ಕಿಂತ ಕೆಳಗೆ, ಹರಳುಗಳು ಫಿಲ್ಟರನ್ನು ಕಟ್ಟಿಹಾಕುವಷ್ಟಾಗುವ ಉಷ್ಣತೆಗೆ ಸಿ.ಎಫ್.ಪಿ.ಪಿ. (ಕೋಲ್ಡ್ ಫಿಲ್ಟರ್ ಪ್ಲಗಿಂಗ್ ಪಾಯಿಂಟ್) ಎಂದು ಹೆಸರು. ಇನ್ನೂ ಕೆಳಗೆ, ಪಾತ್ರೆಯನ್ನು ಓರೆ ಮಾಡಿದರೂ ಹರಿಯದಷ್ಟು ಗಟ್ಟಿಯಾಗುವ ಹಂತಕ್ಕೆ ಸ್ವಲ್ಪ ಮೇಲಿನ ಉಷ್ಣತೆಯೇ ಪೋರ್ ಪಾಯಿಂಟ್. ಸಿ.ಎಫ್.ಪಿ.ಪಿ. ಪರೀಕ್ಷೆಯಲ್ಲಿ 45 ಮೈಕ್ರಾನ್ ರಂಧ್ರಗಳ ತಂತಿ ಜಾಲರಿಯ ಮೂಲಕ 20 ಮಿಲಿಲೀಟರ್ ಡೀಸೆಲನ್ನು ಎಳೆದು, ಅದು 60 ಸೆಕೆಂಡುಗಳೊಳಗೆ ದಾಟಲಾಗದಂತಾಗುವ ಉಷ್ಣತೆಯನ್ನು ಗುರುತಿಸುತ್ತಾರೆ. ಡೀಸೆಲನ್ನು ಅತಿ ಹೆಚ್ಚಿನ ಒತ್ತಡದಲ್ಲಿ ಚಿಮ್ಮಿಸುವ ಈಗಿನ ಕಾಮನ್ ರೈಲ್ ಎಂಜಿನ್ನುಗಳ ಫಿಲ್ಟರ್ ರಂಧ್ರಗಳು ಇದಕ್ಕಿಂತ ಎಷ್ಟೋ ಪಾಲು ಸಣ್ಣವು. ಆದ್ದರಿಂದ ಗಾಡಿಯ ಮಾಲೀಕನಿಗೆ ಪೋರ್ ಪಾಯಿಂಟಿನ ಅಂಕಿಗಿಂತ ಸಿ.ಎಫ್.ಪಿ.ಪಿ. ಮುಖ್ಯ, ಮತ್ತು ಆ ಅಂಕಿಗೂ ನಾಲ್ಕಾರು ಡಿಗ್ರಿ ಮೇಲೆಯೇ ಎಚ್ಚರವಾಗುವುದು ಕ್ಷೇಮ. ಟ್ಯಾಂಕಿನ ಡೀಸೆಲ್ ಇನ್ನೂ ಅಲುಗಾಡುತ್ತಿದ್ದರೂ ಫಿಲ್ಟರ್ ಕಟ್ಟಿಕೊಂಡಿರಬಹುದು. ಕಾಜಾದಲ್ಲಿ ನಮಗೆ ಆದದ್ದು ಇದೇ: ಸೆಲ್ಫ್ ಹೊಡೆದಾಗ ಫಿಲ್ಟರ್ ಸ್ವಲ್ಪ ಡೀಸೆಲನ್ನು ಬಿಟ್ಟುಕೊಟ್ಟಿತು, ಹರಿವು ಶುರುವಾದ ಮೇಲೆ ಹರಳುಗಳು ಒಂದರ ಮೇಲೊಂದು ಬಂದು ಮೆತ್ತಿಕೊಂಡವು, ಎಂಜಿನ್ ಉಪವಾಸ ಬಿದ್ದಿತು.

ಭಾರತದ ಸಾಮಾನ್ಯ ಡೀಸೆಲ್‌ಗೆ ಅನ್ವಯಿಸುವ ಐ.ಎಸ್. 1460 ಮಾನದಂಡವು ಸಿ.ಎಫ್.ಪಿ.ಪಿ.ಗೆ ಚಳಿಗಾಲದಲ್ಲಿ 6 ಡಿಗ್ರಿ, ಬೇಸಿಗೆಯಲ್ಲಿ 18 ಡಿಗ್ರಿ ಸೆಲ್ಸಿಯಸ್ ಎಂಬ ಮೇಲ್ಮಿತಿಯನ್ನು ಇಟ್ಟಿದೆ. ಈ ಅಂಕಿಗಳು ಸೊನ್ನೆಯ ಮೇಲಿನವು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಬಯಲು ಸೀಮೆಯ ಬಂಕಿನ ಡೀಸೆಲ್ ಎಷ್ಟೋ ಸಲ ಈ ಮಿತಿಗಿಂತ ಚೆನ್ನಾಗಿಯೇ ಇರುತ್ತದೆ, ಆದರೆ ಸೊನ್ನೆಯ ಕೆಳಗೆ ಅದು ಕೆಲಸ ಮಾಡುತ್ತದೆ ಎಂಬ ಭರವಸೆಯನ್ನು ಮಾನದಂಡ ನಮಗೆ ಕೊಟ್ಟಿಲ್ಲ.

ಯಾವ ಡೀಸೆಲ್, ಎಲ್ಲಿ ತುಂಬಿಸಬೇಕು

ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಚಳಿಗೆಂದೇ ತಯಾರಾದ ಡೀಸೆಲ್ ಹಾಕಿಸುವುದು. ಇಂಡಿಯನ್ ಆಯಿಲ್ ಸಂಸ್ಥೆಯು ತನ್ನ ಪಾಣಿಪತ್ ರಿಫೈನರಿಯಲ್ಲಿ ತಯಾರಿಸಿದ ವಿಂಟರ್ ಗ್ರೇಡ್ ಡೀಸೆಲನ್ನು 2019ರ ನವೆಂಬರ್‌ನಲ್ಲಿ ಲಡಾಖ್‌ನಲ್ಲಿ ಮಾರಾಟಕ್ಕೆ ತಂದಿತು. ಇದರ ಪೋರ್ ಪಾಯಿಂಟ್ ಮೈನಸ್ 33 ಡಿಗ್ರಿ, ಇದರಲ್ಲಿ ನೂರಕ್ಕೆ 5 ಪಾಲು ಬಯೋಡೀಸೆಲ್ ಇದೆ, ಮತ್ತು ಇದು ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿ.ಎಸ್. 6 ಮಾನದಂಡಕ್ಕೆ ಒಪ್ಪುತ್ತದೆ. ಲೇಹ್, ಕಾರ್ಗಿಲ್‌ಗಳ ಜೊತೆಗೆ ಹಿಮಾಚಲದ ಕಾಜಾ ಮತ್ತು ಕೇಲಾಂಗ್‌ನಂತಹ ಊರುಗಳ ಗಾಡಿಗಳನ್ನು ಉದ್ದೇಶಿಸಿಯೇ ಇದನ್ನು ರೂಪಿಸಲಾಯಿತು. ಹಾಗೆಂದು ಮೈನಸ್ 33ರವರೆಗೂ ಫಿಲ್ಟರ್ ಕಟ್ಟುವುದೇ ಇಲ್ಲ ಎಂದು ತಿಳಿಯಬಾರದು. ಮೇಲೆ ಹೇಳಿದಂತೆ ಅದು ಪೋರ್ ಪಾಯಿಂಟಿನ ಅಂಕಿ. ಆದರೂ ಸಾಮಾನ್ಯ ಡೀಸೆಲ್‌ಗೂ ಇದಕ್ಕೂ ಇರುವ ಅಂತರ ಬಹಳ ದೊಡ್ಡದು, ಮತ್ತು ಇದು ಸಿಗುವ ಊರಿನಲ್ಲಿ ಬೇರೆ ಉಪಾಯಗಳ ಮೊರೆಹೋಗುವ ಅಗತ್ಯ ಬಹುಮಟ್ಟಿಗೆ ಇಲ್ಲ. ಬಂಕಿನಲ್ಲಿ ನಿಂತ ಕೂಡಲೇ ಫುಲ್ ಟ್ಯಾಂಕ್ ಎನ್ನುವ ಮೊದಲು, ಈಗ ಬರುತ್ತಿರುವುದು ವಿಂಟರ್ ಡೀಸೆಲ್ ಹೌದೇ, ಲೋಡ್ ಬಂದು ಎಷ್ಟು ದಿನವಾಯಿತು ಎಂದು ಕೇಳಿ ತಿಳಿದುಕೊಳ್ಳಬೇಕು. ನೆಲದಡಿಯ ಟ್ಯಾಂಕಿನಲ್ಲಿ ಹಳೆಯ ಸರಕು ಉಳಿದಿರುವ ಸಾಧ್ಯತೆ ಋತುವಿನ ಆರಂಭದಲ್ಲಿ ಹೆಚ್ಚು.

ನಮ್ಮವರು ಎಡವುವುದು ಲೆಕ್ಕಾಚಾರದಲ್ಲಿ. ಬೆಂಗಳೂರಿನಲ್ಲಿ ತುಂಬಿಸಿದ ಡೀಸೆಲ್ ಕಾಜಾವರೆಗೆ ಉಳಿಯುವುದಿಲ್ಲ, ದೆಹಲಿ ಮುಟ್ಟುವುದರೊಳಗೆ ಮೂರು ಸಲವಾದರೂ ಹೊಸದಾಗಿ ತುಂಬಿಸಿರುತ್ತೇವೆ. ಆದ್ದರಿಂದ ದಕ್ಷಿಣದ ಡೀಸೆಲ್‌ನ ಭಯ ಬೇಡ. ಅಪಾಯವಿರುವುದು ಬಯಲಿನ ಕೊನೆಯ ಟ್ಯಾಂಕಿನಲ್ಲಿ. ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ, ನಾಕೋ, ತಾಬೋ ಮಾರ್ಗವಾಗಿ ಚಂಡೀಗಢದಿಂದ ಕಾಜಾಕ್ಕೆ ಐನೂರು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರ. ಅರವತ್ತು ಲೀಟರ್ ಟ್ಯಾಂಕಿನ, ಲೀಟರಿಗೆ ಹನ್ನೆರಡು ಹದಿಮೂರು ಕಿಲೋಮೀಟರ್ ಕೊಡುವ ಗಾಡಿಗೆ ಚಂಡೀಗಢದಲ್ಲಿ ಒಮ್ಮೆ ತುಂಬಿಸಿದರೆ ದಾರಿಯಲ್ಲಿ ಎಲ್ಲಿಯೂ ಬಂಕಿಗೆ ಹೋಗುವ ಪ್ರಸಂಗವೇ ಬರುವುದಿಲ್ಲ. ಹೀಗಾಗಿ ಸುಮಾರು 3,700 ಮೀಟರ್ ಎತ್ತರದ ಕಾಜಾಕ್ಕೆ ನಾವು ಬಯಲಿನ ಡೀಸೆಲ್ ಕಾಲು ಟ್ಯಾಂಕು ಇಟ್ಟುಕೊಂಡು, ಕತ್ತಲಾದ ಮೇಲೆ, ಬಂಕ್ ಮುಚ್ಚಿದ ಹೊತ್ತಿಗೆ ಬಂದು ತಲುಪುತ್ತೇವೆ. ಗಾಡಿ ಆ ಡೀಸೆಲ್‌ನೊಂದಿಗೆ ರಾತ್ರಿ ಕಳೆಯುತ್ತದೆ. ನಾವು ಮಾಡಿದ್ದು ಅಕ್ಷರಶಃ ಇದನ್ನೇ.

ಇದಕ್ಕೆ ನಾನು ಈಗ ಅನುಸರಿಸುವ ಕ್ರಮ ಹೀಗಿದೆ. ಬಯಲಿನಲ್ಲಿ ಫುಲ್ ಟ್ಯಾಂಕ್ ಮಾಡಿಸದೆ ಬೆಟ್ಟ ಹತ್ತುವಷ್ಟನ್ನು ಮಾತ್ರ ಹಾಕಿಸಿ, ರಾಂಪುರ ಅಥವಾ ಪಿಯೋದಲ್ಲಿ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ತುಂಬಿಸಿ, ಅಲ್ಲಿಯೇ ಮುಂದೆ ಹೇಳಲಿರುವ ಆಂಟಿ-ಜೆಲ್ ದ್ರಾವಣವನ್ನು ಬೆರೆಸಿ, ಕಾಜಾವನ್ನು ಹಗಲಿರುವಾಗಲೇ ತಲುಪಿ ಮೊದಲು ಬಂಕಿಗೆ, ಆಮೇಲೆ ಹೋಟೆಲಿಗೆ ಹೋಗುವುದು. ಟ್ಯಾಂಕನ್ನು ಪೂರ್ತಿ ಬರಿದು ಮಾಡಿಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಈ ದಾರಿಯಲ್ಲಿ ಕಲ್ಲು ಕುಸಿದೋ ಹಿಮ ಬಿದ್ದೋ ಎಲ್ಲೆಂದರಲ್ಲಿ ರಾತ್ರಿ ಕಳೆಯಬೇಕಾಗಬಹುದು. ಆದ್ದರಿಂದ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸುವುದು ತರವಲ್ಲ. ಉಳಿದ ಕಾಲು ಭಾಗ ಹಳೆಯ ಡೀಸೆಲ್‌ಗೆ ಮುಕ್ಕಾಲು ಭಾಗ ವಿಂಟರ್ ಡೀಸೆಲ್ ಸೇರಿದರೆ ಪರಿಸ್ಥಿತಿ ಬಹಳಷ್ಟು ಸುಧಾರಿಸುತ್ತದೆ, ಶುದ್ಧ ವಿಂಟರ್ ಡೀಸೆಲ್‌ನಷ್ಟು ಅಲ್ಲ.

ಇನ್ನೊಂದು ವಿಷಯವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹೊಸ ಡೀಸೆಲ್ ಟ್ಯಾಂಕಿಗೆ ಬಿದ್ದ ಮಾತ್ರಕ್ಕೆ ಪೈಪು, ಫಿಲ್ಟರ್, ಪಂಪುಗಳಲ್ಲಿ ಕುಳಿತಿರುವ ಹಳೆಯ ಡೀಸೆಲ್ ಬದಲಾಗುವುದಿಲ್ಲ, ಮತ್ತು ಮೊದಲು ಕಟ್ಟಿಕೊಳ್ಳುವುದು ಆ ಫಿಲ್ಟರೇ. ಬಂಕಿನಿಂದ ಹೋಟೆಲಿನವರೆಗಿನ ಅರ್ಧ ಕಿಲೋಮೀಟರ್ ಇದಕ್ಕೆ ಸಾಲದು. ತುಂಬಿಸಿದ ಮೇಲೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿಯೇ ಗಾಡಿಯನ್ನು ರಾತ್ರಿಗೆ ನಿಲ್ಲಿಸಬೇಕು. ಡೀಸೆಲ್ ಎಂಜಿನ್ನುಗಳು ಎಳೆದುಕೊಂಡ ಡೀಸೆಲ್‌ನ ಒಂದು ಪಾಲನ್ನು ಬಿಸಿ ಮಾಡಿ ಟ್ಯಾಂಕಿಗೆ ವಾಪಸು ಕಳಿಸುವುದರಿಂದ ಈ ಓಡಾಟದಲ್ಲಿ ಹಳೆಯದೂ ಹೊಸದೂ ಚೆನ್ನಾಗಿ ಬೆರೆಯುತ್ತವೆ.

ಲಡಾಖ್‌ಗೆ ಶ್ರೀನಗರ, ಜೋಜಿ ಲಾ ಮಾರ್ಗವಾಗಿ ಹೋಗುವವರಿಗೂ ಇದೇ ಲೆಕ್ಕ: ಕಾಶ್ಮೀರ ಕಣಿವೆಯಲ್ಲಿ ಹಿತಮಿತವಾಗಿ ತುಂಬಿಸಿ, ಕಾರ್ಗಿಲ್‌ನಲ್ಲಿ ವಿಂಟರ್ ಡೀಸೆಲ್ ಹಾಕಿಸಬೇಕು. ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಮನಾಲಿಯಿಂದ ಒಂದೆರಡು ಗಂಟೆಯಲ್ಲಿ ಲಾಹೌಲ್ ಸೇರಬಹುದಾದ್ದರಿಂದ, ಸಂಜೆ ಸುಮ್ಮನೆ ಸಿಸ್ಸುವರೆಗೆ ಹೋಗಿ ಅಲ್ಲಿಯೇ ಉಳಿಯುವವರು ಬಯಲಿನ ಡೀಸೆಲ್‌ನೊಂದಿಗೇ ಸಿಕ್ಕಿಬೀಳುವುದು ಈಗ ಇನ್ನಷ್ಟು ಸುಲಭವಾಗಿದೆ.

ರಸ್ತೆಬದಿಯ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಬಯೋಡೀಸೆಲನ್ನು ಚಳಿಯ ಪ್ರದೇಶಕ್ಕೆ ಹೊರಟಾಗ ಮುಟ್ಟಲೇಬಾರದು. ಸಸ್ಯದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್, ಅದರಲ್ಲಿಯೂ ತಾಳೆ ಎಣ್ಣೆಯದ್ದು, ಸಾಮಾನ್ಯ ಡೀಸೆಲ್‌ಗಿಂತ ಎಷ್ಟೋ ಮೊದಲೇ ಹೆರೆಯುತ್ತದೆ. ವಿಂಟರ್ ಡೀಸೆಲ್‌ನಲ್ಲಿರುವ 5 ಪಾಲು ರಿಫೈನರಿಯಲ್ಲಿ ಅಳೆದು, ಪರೀಕ್ಷಿಸಿ ಬೆರೆಸಿದ್ದು. ಅದನ್ನು ನೆಪವಾಗಿಸಿಕೊಂಡು ಕ್ಯಾನಿನ ಬಯೋಡೀಸೆಲ್ ಹಾಕುವಂತಿಲ್ಲ.

ಆಂಟಿ-ಜೆಲ್ ದ್ರಾವಣ ಬಳಸುವ ಬಗೆ

ವಿಂಟರ್ ಡೀಸೆಲ್ ಸಿಗುವುದು ಖಚಿತವಿಲ್ಲದಿದ್ದರೆ ಆಂಟಿ-ಜೆಲ್ ಅಥವಾ ಕೋಲ್ಡ್ ಫ್ಲೋ ಇಂಪ್ರೂವರ್ ಎಂಬ ಹೆಸರಿನಲ್ಲಿ ಬರುವ ದ್ರಾವಣವನ್ನು ಊರಿನಿಂದಲೇ ಕೊಂಡು ಹೋಗಬೇಕು. ಇದು ಮೇಣವನ್ನು ಕರಗಿಸುವ ಔಷಧಿಯಲ್ಲ. ಮೇಣ ಹರಳಾಗುವಾಗ ಅದರ ಅಣುಗಳು ಹರಳಿಗೆ ಅಂಟಿಕೊಂಡು, ಅವು ಅಗಲವಾದ ಹಾಳೆಗಳಾಗಿ ಬೆಳೆಯದೆ ಸಣ್ಣ ಸಣ್ಣ ಕಣಗಳಾಗಿಯೇ ಉಳಿಯುವಂತೆ ಮಾಡುತ್ತವೆ, ಅಂತಹ ಕಣಗಳು ಬಲೆ ಹೆಣೆಯುವುದಿಲ್ಲ, ಫಿಲ್ಟರನ್ನು ಬೇಗ ಮುಚ್ಚುವುದೂ ಇಲ್ಲ. ಇದರ ಅರ್ಥ ಬಹಳ ಮುಖ್ಯವಾದದ್ದು: ದ್ರಾವಣವು ಹರಳುಗಳು ಹುಟ್ಟುವ ಮೊದಲೇ ಡೀಸೆಲ್‌ನಲ್ಲಿ ಇರಬೇಕು. ಡೀಸೆಲ್ ಮಬ್ಬಾದ ಮೇಲೆ ಹಾಕಿದರೆ ಅದು ದುಡ್ಡು ಸುರಿದಂತೆಯೇ ಸರಿ. ಪಿಯೋದ ಮಧ್ಯಾಹ್ನದ ಬಿಸಿಲಿನಲ್ಲಿ ಬೆರೆಸಬೇಕು ಎಂದು ನಾನು ಮೇಲೆ ಹೇಳಿದ್ದು ಈ ಕಾರಣಕ್ಕೆ.

ಬಾಟಲಿಯ ಮೇಲೆ ಬರೆದಿರುವ ಪ್ರಮಾಣವನ್ನು ತಪ್ಪದೆ ಪಾಲಿಸಬೇಕು. ಸಾವಿರಕ್ಕೆ ಒಂದು ಪಾಲು ಎಂದಿದ್ದರೆ 60 ಲೀಟರಿಗೆ 60 ಮಿಲಿಲೀಟರ್. ಎರಡರಷ್ಟು ಸುರಿದರೆ ಎರಡರಷ್ಟು ರಕ್ಷಣೆ ಸಿಗುವುದಿಲ್ಲ. ಮೊದಲು ದ್ರಾವಣವನ್ನು ಹಾಕಿ, ಅದರ ಮೇಲೆ ಡೀಸೆಲ್ ತುಂಬಿಸಿದರೆ ಬೀಳುವ ರಭಸಕ್ಕೆ ತಾನಾಗಿಯೇ ಬೆರೆಯುತ್ತದೆ. ಬಾಟಲಿಯನ್ನು ಡಿಕ್ಕಿಯಲ್ಲಿ ಇಟ್ಟು ಮರೆಯಬಾರದು, ಚಳಿಗೆ ಅದೂ ಮಂದವಾಗಿ ಸರಿಯಾಗಿ ಬೆರೆಯದೆ ಹೋಗುತ್ತದೆ. ಕ್ಯಾಬಿನ್ನಿನಲ್ಲಿ ಕಾಲಬಳಿ ಇರಿಸಿಕೊಳ್ಳುವುದು ಒಳ್ಳೆಯದು. ಬಿ.ಎಸ್. 6 ಗಾಡಿಗೆ ಹೊಂದುತ್ತದೆ ಎಂದು ಬಾಟಲಿಯ ಮೇಲೆ ನಮೂದಿಸಿರಬೇಕು ಮತ್ತು ಗಾಡಿಯ ಕೈಪಿಡಿ ಅದನ್ನು ನಿಷೇಧಿಸಿರಬಾರದು. ಕೆಲವು ತಯಾರಕರು ಯಾವ ದ್ರಾವಣವನ್ನೂ ಒಪ್ಪುವುದಿಲ್ಲ.

ಇದನ್ನೆಲ್ಲ ಮಾಡಿದ ಮೇಲೆ ಗಾಡಿಯ ಡೀಸೆಲ್ ಆ ರಾತ್ರಿಯ ಚಳಿಯನ್ನು ತಡೆಯುತ್ತದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಟ್ಯಾಂಕ್ ತುಂಬಿಸುವಾಗ ಅದೇ ಬಂಕಿನಿಂದ ಸ್ವಲ್ಪ ಡೀಸೆಲನ್ನು ಮುಚ್ಚಳ ಬಿಗಿಯಾಗಿರುವ ಸಣ್ಣ ಗಾಜಿನ ಬಾಟಲಿಗೆ ಹಿಡಿದುಕೊಂಡು, ದ್ರಾವಣ ಬೆರೆಸಿದ್ದರೆ ಅದೇ ಪ್ರಮಾಣದಲ್ಲಿ ಇದಕ್ಕೂ ಬೆರೆಸಿ, ರಾತ್ರಿ ಗಾಡಿಯ ಪಕ್ಕದಲ್ಲಿಯೇ ಹೊರಗೆ ಇಡಬೇಕು. ಕೋಣೆಯೊಳಗೆ, ಒಲೆಯ ಹತ್ತಿರ ಇಡಕೂಡದು. ಬೆಳಿಗ್ಗೆ ಬಾಟಲಿಯ ಹಿಂದೆ ಬೆರಳು ಹಿಡಿದು ನೋಡಿದಾಗ ಉಗುರಿನ ಗೆರೆ ಸ್ಪಷ್ಟವಾಗಿ ಕಂಡರೆ ಡೀಸೆಲ್ ತಿಳಿಯಾಗಿದೆ, ಟ್ಯಾಂಕಿನಲ್ಲಿ ಬಯಲಿನ ಹಳೆಯ ಡೀಸೆಲ್ ಹೆಚ್ಚು ಉಳಿದಿಲ್ಲವಾದರೆ ನಿಶ್ಚಿಂತೆಯಿಂದ ಸೆಲ್ಫ್ ಹೊಡೆಯಬಹುದು. ಹಾಲು ಒಂದು ತೊಟ್ಟು ಬಿದ್ದ ನೀರಿನಂತೆ ಮಬ್ಬಾಗಿ ಬೆರಳು ಬರೀ ನೆರಳಾಗಿ ಕಂಡರೆ ಹರಳುಗಳು ಹುಟ್ಟಿವೆ, ಬಿಸಿಲು ಏರುವವರೆಗೆ ಕಾಯುವುದು ಲೇಸು. ತಳದಲ್ಲಿ ಬಿಳಿಯ ಪದರ ಕುಳಿತಿದ್ದರೆ ಅಥವಾ ಓರೆ ಮಾಡಿದಾಗ ಇಡಿಯಾಗಿ ಜಾರಿದರೆ ಎಂಜಿನ್ನಿಗೆ ಕೈಹಾಕುವುದೇ ಬೇಡ. ನಾಲ್ಕು ದಿನದ ವಾಸ್ತವ್ಯವಿದ್ದರೆ ಪ್ರತಿ ರಾತ್ರಿ ಇದನ್ನು ಮಾಡುವುದು ಒಂದು ನಿಮಿಷದ ಕೆಲಸ, ಆದರೆ ಅದು ಕೊಡುವ ಮಾಹಿತಿ ಯಾವ ಹವಾಮಾನ ಆ್ಯಪ್‌ನಿಂದಲೂ ಸಿಗದು.

ಸೀಮೆಎಣ್ಣೆ, ಪೆಟ್ರೋಲ್ ಮತ್ತು ಬೆಂಕಿ

ಬೆಟ್ಟದ ಹಳೆಯ ಲಾರಿ ಚಾಲಕರು ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುತ್ತಿದ್ದರು, ಈಗಲೂ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಆ ಸಲಹೆ ಕೊಡುತ್ತಾರೆ. ಸೀಮೆಎಣ್ಣೆಯಲ್ಲಿ ಮೇಣ ಕಡಿಮೆಯಾದ್ದರಿಂದ ಆ ಉಪಾಯದಲ್ಲಿ ಹುರುಳಿದೆ, ಸುಳ್ಳಲ್ಲ. ಆದರೆ ನೂರಕ್ಕೆ ಹತ್ತು ಪಾಲು ಬೆರೆಸಿದರೆ ಎರಡು ಮೂರು ಡಿಗ್ರಿ ಲಾಭವಾದರೆ ಹೆಚ್ಚು, ಅಷ್ಟರಿಂದ ಮೈನಸ್ 20ರ ರಾತ್ರಿ ದಾಟಲಾಗದು. ಬದಲಿಗೆ ಆಗುವ ನಷ್ಟ ದೊಡ್ಡದು: ಕಾಮನ್ ರೈಲ್ ಎಂಜಿನ್ನಿನ ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಜಾರೆಣ್ಣೆ, ಸೀಮೆಎಣ್ಣೆಗೆ ಆ ಜಿಡ್ಡಿಲ್ಲ, ಬಿ.ಎಸ್. 6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮೀರುವಂತಿಲ್ಲ, ಮನೆಬಳಕೆಯ ಸೀಮೆಎಣ್ಣೆಯಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿದ್ದು ಹೊಗೆ ಶುದ್ಧೀಕರಿಸುವ ಸಾಧನಗಳನ್ನು ಕೆಡಿಸುತ್ತದೆ. ಪಡಿತರದ ಸೀಮೆಎಣ್ಣೆಯನ್ನು ಗಾಡಿಗೆ ಬಳಸುವುದು ಕಾನೂನಿನ ದೃಷ್ಟಿಯಲ್ಲಿಯೂ ಅಪರಾಧ. ಪೆಟ್ರೋಲ್ ಬೆರೆಸುವುದಂತೂ ಇನ್ನೂ ಕೆಟ್ಟದ್ದು. ಟ್ಯಾಂಕಿನೊಳಗೆ ಬೆಂಕಿ ಹೊತ್ತಬಲ್ಲ ಆವಿ ತುಂಬಿಕೊಳ್ಳುತ್ತದೆ ಮತ್ತು ಪಂಪು, ಇಂಜೆಕ್ಟರುಗಳು ಸವೆದುಹೋಗುತ್ತವೆ.

ನಸುಕಿನಲ್ಲಿ ಲಾರಿಯ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಅಥವಾ ಬ್ಲೋ ಲ್ಯಾಂಪ್ ಹಿಡಿದು ಕಾಯಿಸುವುದನ್ನು ನೀವು ಕಣ್ಣಾರೆ ನೋಡಬಹುದು. ಅವರು ಕಬ್ಬಿಣದ ಟ್ಯಾಂಕಿನ ಹಳೆಯ ಲಾರಿಯ ಮೇಲೆ ಜೀವ ಪಣಕ್ಕಿಟ್ಟು ಮಾಡುವ ಕೆಲಸ ಅದು. ನಮ್ಮ ಗಾಡಿಗಳ ಟ್ಯಾಂಕ್ ಬಹುತೇಕ ಪ್ಲಾಸ್ಟಿಕ್ಕಿನದ್ದು, ಪೈಪುಗಳು ನೈಲಾನಿನವು, ಅಡಿಯಲ್ಲಿ ವೈರಿಂಗ್ ಹರಡಿಕೊಂಡಿರುತ್ತದೆ. ಯಾವ ಕಾರಣಕ್ಕೂ ಬೆಂಕಿಯನ್ನು ಗಾಡಿಯ ಹತ್ತಿರ ತರಬಾರದು.

ಫಿಲ್ಟರ್, ನೀರು ಮತ್ತು ಉಳಿದ ಸಿದ್ಧತೆ

ಹೊರಡುವ ಮೊದಲು ಡೀಸೆಲ್ ಫಿಲ್ಟರ್ ಬದಲಾಯಿಸುವುದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಅರ್ಧ ಆಯುಷ್ಯ ಕಳೆದ ಫಿಲ್ಟರ್ ಆಗಲೇ ಅರ್ಧ ಕಟ್ಟಿಕೊಂಡಿರುತ್ತದೆ, ಅದನ್ನು ಪೂರ್ತಿ ಕಟ್ಟಲು ಕೆಲವೇ ಹರಳು ಸಾಕು. ನಿಮ್ಮ ಗಾಡಿಯ ನಂಬರಿಗೆ ಸರಿಯಾದ ಇನ್ನೊಂದು ಫಿಲ್ಟರನ್ನೂ ಅದನ್ನು ಬಿಚ್ಚುವ ಸ್ಪ್ಯಾನರನ್ನೂ ಜೊತೆಗೆ ಒಯ್ಯಬೇಕು, ಕಾಜಾದಂತಹ ಊರಿನಲ್ಲಿ ಎಲ್ಲ ಮಾಡೆಲ್‌ಗಳ ಫಿಲ್ಟರ್ ಸಿಗುವುದಿಲ್ಲ. ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಬೆಟ್ಟ ಹತ್ತುವ ಮೊದಲು ಡ್ರೈನ್ ಸ್ಕ್ರೂ ಸಡಿಲಿಸಿ ತೆಗೆಸಬೇಕು. ಮೇಣಕ್ಕೆ ಎಷ್ಟು ಚಳಿ ಬೇಕೋ ಏನೋ, ನೀರು ಸೊನ್ನೆಗೇ ಮಂಜುಗಡ್ಡೆಯಾಗುತ್ತದೆ, ಮತ್ತು ಎಷ್ಟೋ ಸಲ ಡೀಸೆಲ್ ಹೆಪ್ಪುಗಟ್ಟಿತು ಎಂದು ದೂರುವ ಕಡೆ ನಿಜವಾಗಿ ಕಟ್ಟಿರುವುದು ಈ ಮಂಜುಗಡ್ಡೆ. ರಾತ್ರಿ ಟ್ಯಾಂಕನ್ನು ತುಂಬಿಸಿಡಬೇಕು ಎನ್ನುವುದಕ್ಕೂ ಇದೇ ಕಾರಣ: ಖಾಲಿ ಜಾಗದ ಗಾಳಿಯಲ್ಲಿರುವ ತೇವ ತಣ್ಣಗಾಗಿ ನೀರಾಗಿ ಡೀಸೆಲ್‌ಗೆ ಇಳಿಯುತ್ತದೆ.

ಡೀಸೆಲ್‌ನ ಹೊರತಾದ ಮೂರು ನಾಲ್ಕು ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೂಲೆಂಟ್‌ಗೆ ನಮ್ಮ ಊರಿನಲ್ಲಿ ವರ್ಷಗಟ್ಟಲೆ ಬರೀ ನೀರು ಹಾಕುತ್ತ ಬಂದಿದ್ದರೆ ಅದನ್ನು ಪೂರ್ತಿ ತೆಗೆದು, ಅರ್ಧಕ್ಕರ್ಧ ಗ್ಲೈಕಾಲ್ ಇರುವ ಹೊಸ ಕೂಲೆಂಟ್ ತುಂಬಿಸಬೇಕು, ಇಲ್ಲವಾದರೆ ಎಂಜಿನ್ ಬ್ಲಾಕೇ ಸೀಳಬಹುದು. ಕೈಪಿಡಿ ಒಪ್ಪುವುದಾದರೆ 15ಡಬ್ಲ್ಯೂ ಎಂಜಿನ್ ಆಯಿಲ್ ಬದಲು ಚಳಿಯಲ್ಲಿಯೂ ತೆಳುವಾಗಿರುವ 5ಡಬ್ಲ್ಯೂ ಹಾಕಿಸಬೇಕು. ಮೈನಸ್ 20ರ ಸುಮಾರಿಗೆ ಬ್ಯಾಟರಿಯ ಶಕ್ತಿ ಅರ್ಧದ ಆಸುಪಾಸಿಗೆ ಇಳಿಯುವುದರಿಂದ ಮೂರು ವರ್ಷ ದಾಟಿದ ಬ್ಯಾಟರಿಯನ್ನೂ ಚಾಲೂ ಮಾಡುವಾಗ ಎಂಜಿನ್ನಿನ ಒಳಭಾಗವನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ಗಳನ್ನೂ ಪರೀಕ್ಷಿಸಿಕೊಳ್ಳಬೇಕು. ಹೊಗೆ ಶುದ್ಧೀಕರಿಸಲು ಡೆಫ್ ಅಥವಾ ಆಡ್‌ಬ್ಲೂ ಎಂಬ ದ್ರವ ಬಳಸುವ ಗಾಡಿಗಳಲ್ಲಿ ಆ ದ್ರವ ಮೈನಸ್ 11ಕ್ಕೇ ಗಟ್ಟಿಯಾಗುತ್ತದೆ. ಅದನ್ನು ಕರಗಿಸುವ ಹೀಟರ್ ಗಾಡಿಯಲ್ಲಿಯೇ ಇರುವುದರಿಂದ ಗಾಬರಿ ಬೇಡ, ಅದಕ್ಕೆ ಏನನ್ನೂ ಬೆರೆಸಕೂಡದು, ಗಟ್ಟಿಯಾದಾಗ ಹಿಗ್ಗಲು ಜಾಗವಿರುವಂತೆ ಕುತ್ತಿಗೆಯವರೆಗೆ ತುಂಬಿಸಲೂ ಕೂಡದು.

ರಾತ್ರಿ ಗಾಡಿ ನಿಲ್ಲಿಸುವಾಗ

ಗಾಳಿ ಗಾಡಿಯನ್ನು ಹೊರಗಿನ ಉಷ್ಣತೆಗಿಂತ ಕೆಳಗೆ ಇಳಿಸುವುದಿಲ್ಲ, ಆದರೆ ಆ ಮಟ್ಟಕ್ಕೆ ಬಹಳ ಬೇಗ ಇಳಿಸುತ್ತದೆ. ಆದ್ದರಿಂದ ಗೋಡೆಯ ಮರೆಯಲ್ಲಿ, ಮುಖವನ್ನು ಗೋಡೆಯ ಕಡೆಗೆ ಮಾಡಿ, ಬೆಳಗಿನ ಮೊದಲ ಬಿಸಿಲು ಬೀಳುವ ಜಾಗ ನೋಡಿ ನಿಲ್ಲಿಸಬೇಕು. ಬಾನೆಟ್ಟಿನ ಮೇಲೆ ದಪ್ಪ ಕಂಬಳಿ ಹೊದಿಸಿದರೆ ಎಂಜಿನ್ನಿನ ಬಿಸಿ ಕೆಲವು ಗಂಟೆ ಹೆಚ್ಚು ಉಳಿಯುತ್ತದೆ, ಬೆಳಿಗ್ಗೆ ಚಾಲೂ ಮಾಡುವ ಮೊದಲು ಅದನ್ನು ತೆಗೆಯುವುದು ಮರೆಯಬಾರದು. ಹ್ಯಾಂಡ್ ಬ್ರೇಕ್ ಎಳೆದರೆ ಅದು ಹಾಗೆಯೇ ಹೆಪ್ಪುಗಟ್ಟಿ ಹಿಡಿದುಕೊಳ್ಳುವ ಸಂಭವವಿದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಅಲ್ಲಿನ ರೂಢಿ. ನಡುರಾತ್ರಿ ಎದ್ದು ಇಪ್ಪತ್ತು ನಿಮಿಷ ಎಂಜಿನ್ ಓಡಿಸುವ ಪದ್ಧತಿಯಿಂದ ಎಂಜಿನ್ ಆಯಿಲ್ ಮಂದವಾಗದೆ ಉಳಿಯುತ್ತದೆ, ಟ್ಯಾಂಕಿನ ಡೀಸೆಲ್‌ಗೆ ಅದರಿಂದ ಹೇಳಿಕೊಳ್ಳುವಂತಹ ಸಹಾಯವಾಗುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು, ಓಡುತ್ತಿರುವ ಗಾಡಿಯೊಳಗೆ ನಿದ್ದೆ ಹೋಗುವುದು ಪ್ರಾಣಕ್ಕೇ ಎರವಾಗುತ್ತದೆ; ಸೈಲೆನ್ಸರಿನ ಬಾಯಿಗೆ ಹಿಮ ಮುಚ್ಚಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಒಳಗೆ ತುಂಬಿಕೊಳ್ಳುತ್ತದೆ.

ಹೆಪ್ಪುಗಟ್ಟಿಯೇ ಬಿಟ್ಟರೆ

ಮೊದಲು ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಬೇಕು. ಹೈ ಪ್ರೆಷರ್ ಪಂಪ್ ಡೀಸೆಲ್ ಇಲ್ಲದೆ ಒಣಗಿ ತಿರುಗಿದರೆ ರಿಪೇರಿಯ ಖರ್ಚು ಪ್ರವಾಸದ ಖರ್ಚನ್ನು ಮೀರಿಸುತ್ತದೆ, ಬ್ಯಾಟರಿಯೂ ಖಾಲಿಯಾಗುತ್ತದೆ. ಸಾಧ್ಯವಾದರೆ ಗಾಡಿಯನ್ನು ಬಿಸಿಲಿಗೆ ತಳ್ಳಿ ನಿಲ್ಲಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಫಿಲ್ಟರಿಗೂ ಅದರ ಪೈಪುಗಳಿಗೂ ಸುತ್ತಿ, ತಣ್ಣಗಾದಂತೆ ಬದಲಿಸುತ್ತ ಹೋಗಬೇಕು. ಕುದಿಯುವ ನೀರನ್ನು ನೇರವಾಗಿ ಸುರಿದರೆ ಪ್ಲಾಸ್ಟಿಕ್ ಭಾಗ ಸೀಳಬಹುದು, ಸುತ್ತಲಿನ ಕನೆಕ್ಟರುಗಳಿಗೆ ನೀರು ಹೊಕ್ಕು ಅಲ್ಲಿಯೇ ಮಂಜುಗಡ್ಡೆಯಾಗಬಹುದು. ಕರೆಂಟ್ ಇರುವ ಹೋಟೆಲಾದರೆ ಹೇರ್ ಡ್ರೈಯರ್ ಇದಕ್ಕೆ ಬಹಳ ಒಳ್ಳೆಯ ಸಾಧನ. ಹುಟ್ಟಿದ ಹರಳುಗಳು ಹುಟ್ಟಿದ ಉಷ್ಣತೆಯಲ್ಲಿಯೇ ಕರಗುವುದಿಲ್ಲ, ಅದಕ್ಕಿಂತ ಸಾಕಷ್ಟು ಮೇಲೆ ಬಿಸಿಯಾಗಬೇಕು. ಆದ್ದರಿಂದ ಹತ್ತು ನಿಮಿಷಕ್ಕೆ ಫಲ ಕಾಣಲಿಲ್ಲವೆಂದು ಕೈಬಿಡಬಾರದು.

ಫಿಲ್ಟರ್ ಬದಲಾಯಿಸುವುದಾದರೆ ಹೊಸ ಫಿಲ್ಟರನ್ನು ರಾತ್ರಿಯಿಂದ ಕೋಣೆಯೊಳಗೆ ಬೆಚ್ಚಗೆ ಇಟ್ಟಿದ್ದು ಆಮೇಲೆ ಹಾಕಿ, ಕೈ ಪಂಪು ಒತ್ತಿ ಏರ್ ತೆಗೆಯಬೇಕು. ಫಿಲ್ಟರಿನೊಳಗೆ ಮೇಲಿನಿಂದ ಡೀಸೆಲ್ ಸುರಿದು ಕೂರಿಸುವ ಹಳೆಯ ಪದ್ಧತಿ ಕಾಮನ್ ರೈಲ್ ಎಂಜಿನ್ನಿಗೆ ಸಲ್ಲದು, ಸೋಸದ ಡೀಸೆಲ್ ನೇರವಾಗಿ ಇಂಜೆಕ್ಟರಿನ ಕಡೆಗೆ ಹೋಗಿಬಿಡುತ್ತದೆ. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುನಡುವೆ ಒಂದು ನಿಮಿಷ ಬಿಡುವು ಕೊಡಬೇಕು. ಚಾಲೂ ಆದ ತಕ್ಷಣ ಹೊರಟುಬಿಡದೆ ಕಾಲು ಗಂಟೆಯಾದರೂ ನಿಂತಲ್ಲಿಯೇ ಓಡಿಸಬೇಕು. ಟ್ಯಾಂಕಿನಲ್ಲಿ ಇನ್ನೂ ಹರಳುಗಳಿರುತ್ತವೆ, ಅವು ಬಂದು ಹೊಸ ಫಿಲ್ಟರನ್ನೂ ಕಟ್ಟಿ ನಿಮ್ಮನ್ನು ಊರಿನಿಂದ ಐದು ಕಿಲೋಮೀಟರ್ ಆಚೆ, ನೆಟ್‌ವರ್ಕ್ ಇಲ್ಲದ ಕಡೆ ನಿಲ್ಲಿಸಬಹುದು.

ಯುರೋಪಿನಲ್ಲಿಯೋ ಕೆನಡಾದಲ್ಲಿಯೋ ಇರುವ ನಮ್ಮವರಿಗೆ ಇಷ್ಟೊಂದು ಕಸರತ್ತು ಬೇಕಾಗುವುದಿಲ್ಲ. ಯುರೋಪಿನ ಇ.ಎನ್. 590 ಮಾನದಂಡದಲ್ಲಿಯೇ ಆರ್ಕ್‌ಟಿಕ್ ಪ್ರದೇಶಕ್ಕೆಂದು ಸಿ.ಎಫ್.ಪಿ.ಪಿ. ಮೈನಸ್ 20ರಿಂದ ಮೈನಸ್ 44ರವರೆಗಿನ ದರ್ಜೆಗಳಿವೆ, ಅಮೆರಿಕ, ಕೆನಡಾಗಳ ಬಂಕುಗಳಲ್ಲಿಯೂ ಋತುವಿಗೆ ತಕ್ಕ ಡೀಸೆಲ್ ತಾನಾಗಿಯೇ ಬರುತ್ತದೆ. ಅಲ್ಲಿ ತೊಂದರೆಯಾಗುವುದು ಬೇಸಿಗೆಯ ಡೀಸೆಲ್ ಟ್ಯಾಂಕಿನಲ್ಲಿಯೇ ಉಳಿದು ತಿಂಗಳುಗಟ್ಟಲೆ ಗಾಡಿ ನಿಂತಿದ್ದಾಗ, ಅಥವಾ ಬೆಚ್ಚಗಿನ ದಕ್ಷಿಣದಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಒಂದೇ ದಿನದಲ್ಲಿ ಉತ್ತರಕ್ಕೆ ಬಂದು ಇಳಿದಾಗ.

ಬೆಟ್ಟ ಇಳಿದು ವಾಪಸಾಗುವಾಗ ಟ್ಯಾಂಕಿನಲ್ಲಿ ಉಳಿದ ವಿಂಟರ್ ಡೀಸೆಲ್‌ನಿಂದ ಎಂಜಿನ್ನಿಗೆ ಯಾವ ತೊಂದರೆಯೂ ಇಲ್ಲ, ಅದನ್ನು ಹಾಗೆಯೇ ಓಡಿಸಿ ಮುಗಿಸಬಹುದು. ಆದರೆ ಒಮ್ಮೆ ಮೇಣ ಕಟ್ಟಿದ್ದ ಫಿಲ್ಟರ್ ಕರಗಿ ಸರಿಹೋದಂತೆ ಕಂಡರೂ ಅದನ್ನು ನಂಬಿಕೊಂಡು ಬೆಂಗಳೂರಿನವರೆಗೆ ಬರಬೇಡಿ. ಬಯಲು ಸೇರಿದ ಮೇಲೆ ಸಿಗುವ ಮೊದಲ ಒಳ್ಳೆಯ ಗ್ಯಾರೇಜಿನಲ್ಲಿ ಅದನ್ನು ಬದಲಾಯಿಸಿ, ತಳದ ನೀರನ್ನು ಇನ್ನೊಮ್ಮೆ ತೆಗೆಸಿಕೊಳ್ಳಿ.